ನರಸೀಪುರದಲ್ಲಿ ಅಳಿಸಿದ ಕುಂಕುಮ

ಸೋಮವಾರ ಬೆಳಿಗ್ಗೆ ಹಿತಕಿದ ಬೇಳೆ ಸಾರಿಗೆಂದು ನೆನೆಹಾಕಿದ್ದ ಅವರೆಕಾಳನ್ನು ಮುಂದಿಟ್ಟುಕೊಂಡು ಒಂದೊಂದಾಗಿ ಹಿತುಕುತ್ತಾ ಕೂತಿದ್ದೆ. ಫೋನು ಬಂತು. ನನ್ನ ಕೈ ಒದ್ದೆಯಾಗಿದ್ದರಿಂದ ನಮ್ಮ ಯಜಮಾನರೇ ಅದನ್ನು ನನ್ನ ಕಿವಿಗೆ ಹಿಡಿದರು. ಟಿ. ನರಸೀಪುರದಿಂದ ಮಗಳು ಸವಿತಾ.

“ಅಮ್ಮಾ, ಚಿನ್ನು ಕೂದ್ಲು ಕತ್ತರಿಸ್ಬಿಟ್ವಿ. ಬೈಯೋದಾದ್ರೆ ಇಲ್ಲಿಗೆ ಬಂದು ಬೈಯಿ. ಫೋನಲ್ಲಿ ಬೇಡ.”

ಅಷ್ಟು ಹೇಳಿ ಇಟ್ಟುಬಿಟ್ಟಳು. ನನ್ನ ಬೆರಳ ಸಂದಿಯಲ್ಲಿದ್ದ ಕಾಳು ಸಿಪ್ಪೆ ಬಿಟ್ಟು ಹಾರಿ ಗೋಡೆಗೆ ಬಡಿಯಿತು.

ಚಿನ್ನು ನನ್ನ ಮೊಮ್ಮಗಳು, ಐದು ವರ್ಷದವಳು. ತಿಂಗಳು ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾಗ ನಾನು ನಮ್ಮೂರು ನಂಜನಗೂಡಿನ ನಂಜುಂಡೇಶ್ವರನ ಮುಂದೆ ಸೆರಗೊಡ್ಡಿ, ಇದನ್ನು ಉಳಿಸಿಕೊಡಪ್ಪ, ಇದರ ಮೊದಲ ಮುಡಿ ನಿನಗೇ, ಅಲ್ಲಿಯವರೆಗೆ ಕತ್ತರಿ ಸೋಕಿಸುವುದಿಲ್ಲ ಎಂದು ಹರಕೆ ಹೊತ್ತಿದ್ದೆ. ಅವನು ಉಳಿಸಿಕೊಟ್ಟ. ಮುಡಿ ತೆಗೆಸುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ನನ್ನ ಮಗ ಮಿಲಿಟರಿಯಲ್ಲಿದ್ದಾನೆ. ಅವನಿಗೆ ರಜೆ ಸಿಕ್ಕಾಗ ಮನೆಯಲ್ಲಿ ಸೂತಕ, ಸೂತಕ ಕಳೆದಾಗ ಅವನಿಗೆ ರಜೆ ಇಲ್ಲ. ಹೀಗೆ ವರ್ಷಗಳು ಉರುಳಿ ಮಗುವಿನ ಕೂದಲು ಸೊಂಟ ಮುಟ್ಟಿತ್ತು.

“ಕೂದ್ಲು ತಾನೆ, ಮತ್ತೆ ಬರುತ್ತೆ ಬಿಡು,” ಅಂದರು ಯಜಮಾನರು.

“ನಿಮ್ಮ ತಲೇಲಿ ಬಂತಾ?” ಅಂದೆ. ಅವರು ಬೋಳುತಲೆ ಸವರಿಕೊಂಡರು.

ಕಾಳಿನ ಪಾತ್ರೆಗೆ ತಟ್ಟೆ ಮುಚ್ಚಿ, ನೀರು ಬದಲಾಯಿಸುತ್ತಿರಿ ಎಂದು ಹೇಳಿ ಹೊರಟೆ. ಸೋಮವಾರ ಆದ್ದರಿಂದ ದೇವಸ್ಥಾನದಲ್ಲಿ ಜನವೋ ಜನ. ಹೊರಗಿನಿಂದಲೇ ಕೈಮುಗಿದು, ತಪ್ಪಾಯಿತಪ್ಪ ಎಂದು ಕೆನ್ನೆ ಬಡಿದುಕೊಂಡು, ಹಣೆ ತುಂಬ ವಿಭೂತಿ, ಅದರ ಮೇಲೆ ಕಾಸಿನಗಲ ಕುಂಕುಮ ಇಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ.

ನಂಜನಗೂಡಿನಿಂದ ನರಸೀಪುರಕ್ಕೆ ಸುಮಾರು ಮೂವತ್ತು ಕಿಲೋಮೀಟರು. ಸುತ್ತೂರಿನ ಮೇಲೆ ಹೋಗುವ ಬಸ್ಸು ಸಿಕ್ಕಿತು. ಕಿಟಕಿ ಪಕ್ಕದ ಸೀಟೂ ಸಿಕ್ಕಿತು, ಅದೊಂದು ಪುಣ್ಯ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರು ದುಡ್ಡಿಲ್ಲದ ಟಿಕೆಟ್ ಹರಿದು ಕೊಟ್ಟ. ಫೋಟೋ ನೋಡಿ, “ಇದ್ರಲ್ಲೂ ಇಷ್ಟೇ ದೊಡ್ಡ ಕುಂಕ್ಮ ಮಡಗಿದ್ದೀರಲ್ಲಮ್ಮ” ಎಂದು ನಕ್ಕ. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಹೊರಗೆ ಭತ್ತ ಕುಯ್ದ ಗದ್ದೆಗಳ ಮೇಲೆ ಮಂಜು ಇನ್ನೂ ಕೂತಿತ್ತು. ಕಿಟಕಿಯಿಂದ ಬರುವ ಗಾಳಿಗೆ ಕಿವಿ ಮರಗಟ್ಟಿತು.

ಪಕ್ಕದಲ್ಲಿ ಸೊಪ್ಪಿನ ಗಂಟು ಇಟ್ಟುಕೊಂಡಿದ್ದ ಹೆಂಗಸು ನನ್ನ ಮುಖವನ್ನೇ ನೋಡುತ್ತಿದ್ದಳು. “ಯಾಕವ್ವಾ ಒಂತರಾ ಇದ್ದೀರಿ?”

“ದೇವರಿಗೆ ಬಿಟ್ಟಿದ್ದ ಮೊಮ್ಮಗಳ ಮುಡೀನ ಮನೇಲೇ ಕತ್ತರಿಸಿಬಿಟ್ಟಿದ್ದಾರೆ.”

“ಅಯ್ಯೋ ಸಿವನೇ!” ಗಂಟನ್ನು ಎದೆಗೆ ಒತ್ತಿಕೊಂಡಳು. “ತಪ್ಪು ಕಾಣ್ಕೆ ಕಟ್ಬುಡಿ. ಮಗೀಗೆ ಏನೂ ಆಗ್ದಂಗೆ ನೋಡ್ಕೊಳ್ರವ್ವಾ.”

ಅವಳು ಸುತ್ತೂರಿನಲ್ಲಿ ಇಳಿದು ಹೋದಳು. ಸ್ಕೂಲು ಮಕ್ಕಳು ಗಲಾಟೆ ಮಾಡುತ್ತಾ ಹತ್ತಿದರು. ಆಕೆ ಹೇಳಿದ ‘ಏನೂ ಆಗ್ದಂಗೆ’ ಮಾತ್ರ ನರಸೀಪುರದವರೆಗೂ ನನ್ನ ಜೊತೆಗೇ ಬಂತು.

ಮಗಳು ಬಾಡಿಗೆಗಿದ್ದದ್ದು ಬಸ್‌ಸ್ಟ್ಯಾಂಡಿನಿಂದ ನಡೆದುಹೋಗುವಷ್ಟು ದೂರದಲ್ಲಿ. ಮುಂದಿನ ಭಾಗದಲ್ಲಿ ಮನೆಯ ಓನರ್ ಗೌರಮ್ಮ, ಹಿಂದಿನ ಎರಡು ಮನೆಗಳಲ್ಲಿ ಒಂದರಲ್ಲಿ ನನ್ನ ಮಗಳು, ಲೈನ್‌ಮನ್ ಆಗಿರುವ ಅಳಿಯ ಮತ್ತು ಚಿನ್ನು. ಇನ್ನೊಂದರಲ್ಲಿ ಅಂಗನವಾಡಿ ಟೀಚರ್ ಶಾಂತಮ್ಮ. ಗೌರಮ್ಮನ ಮನೆಯಲ್ಲಿ ಎರಡು ಹೊತ್ತೂ ಗಂಟೆ ಬಾರಿಸುವುದು ಕೇಳಿ, ಮಗಳಿಗೆ ಒಳ್ಳೆಯ ಕಡೆ ಮನೆ ಸಿಕ್ಕಿತು ಎಂದು ಎಷ್ಟೋ ಸಲ ಕೈಮುಗಿದಿದ್ದೆ.

ಬಾಗಿಲಲ್ಲಿ ಚಿನ್ನು ಕೂತಿದ್ದಳು. ಕತ್ತರಿಸಿದ ಕೂದಲು ಕಿವಿಯ ಮೇಲೆ ಎಡವಟ್ಟಾಗಿ ನಿಂತಿತ್ತು. “ಕಂದಾ” ಎಂದು ಎರಡೂ ಕೈ ಚಾಚಿದೆ.

ಯಾವಾಗಲೂ ಓಡಿಬಂದು ಸೆರಗು ಹಿಡಿಯುವ ಮಗು ನನ್ನ ಮುಖ ನೋಡಿ ಚೀರಿತು. ಚೀರುತ್ತಲೇ ಒಳಗೋಡಿ ಮಂಚದ ಕೆಳಗೆ ನುಗ್ಗಿತು. ಬಗ್ಗಿ ನೋಡಿದೆ. ಗೋಡೆಗೆ ಅಂಟಿಕೊಂಡು, ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ನಡುಗುತ್ತಿತ್ತು. ಬೈಯಲೆಂದು ಬಂದದ್ದು ಮರೆತೇಹೋಯಿತು.

“ನಿನ್ನ ಕುಂಕುಮ ನೋಡಿ ಕಣಮ್ಮಾ,” ಅಂದಳು ಸವಿತಾ. “ನಿನಗಲ್ಲ ಅವಳು ಹೆದರಿದ್ದು.”

ಆಮೇಲೆ ಅಡುಗೆಮನೆಯಲ್ಲಿ ಕೂರಿಸಿ ಎಲ್ಲ ಹೇಳಿದಳು. ಚಿನ್ನು ತಲೆ ಬಾಚಿಸಿಕೊಳ್ಳಲು ಬಿಡುವವಳಲ್ಲ. ಕತ್ತಿನ ಹಿಂದೆ ಕೂದಲು ಗಂಟುಗಂಟಾಗಿ ಹೆಣೆದುಕೊಂಡಿತ್ತು. ಹರಕೆಯ ಮುಡಿ ಎಂದು ಕತ್ತರಿಸುವಂತೆಯೂ ಇರಲಿಲ್ಲ. ಅದನ್ನು ಗೌರಮ್ಮ ಒಂದು ದಿನ ಕಂಡು, ಇದು ಬರೀ ಗಂಟಲ್ಲ, ದೇವಿಯ ಜಡೆ, ಮಗುವಿನ ಮೇಲೆ ತಾಯಿ ಇಳಿದಿದ್ದಾಳೆ ಎಂದಿದ್ದಳು. ಸವಿತಾ ನಕ್ಕುಬಿಟ್ಟಿದ್ದಳು. ಶನಿವಾರ ಅವಳು ಕಣ್ಣು ತೋರಿಸಲು ಮೈಸೂರಿಗೆ ಹೋಗಬೇಕಾಗಿ ಬಂತು. ಅಳಿಯಂದಿರಿಗೆ ಡ್ಯೂಟಿ. ಮಗುವನ್ನು ಗೌರಮ್ಮನ ಹತ್ತಿರ ಬಿಟ್ಟು ಹೋದಳು.

“ಸಾಯಂಕಾಲ ಬಂದು ನೋಡ್ತೀನಿ, ಮನೆ ಮುಂದೆ ಚಪ್ಪಲಿ ರಾಶಿ. ಒಳಗೆ ನನ್ನ ಮಗಳನ್ನ ಮಣೆ ಮೇಲೆ ಕೂರ್ಸವ್ರೆ. ಹಳದಿ ಸೀರೆ ಸುತ್ತಿ, ಮುಖಕ್ಕೆ ಅರಿಶಿನ ಬಳಿದು, ಹಣೆ ತುಂಬ ಕುಂಕುಮ. ದೊಡ್ಡ ದೊಡ್ಡೋರೆಲ್ಲ ಕಾಲಿಗೆ ಬೀಳ್ತಾವ್ರೆ. ಮಗನಿಗೆ ಯಾವಾಗ ಹೆಣ್ಣು ಸಿಗುತ್ತೆ ತಾಯಿ, ಬೋರ್ ಎಲ್ಲಿ ಕೊರೆಸ್ಲಿ ತಾಯಿ ಅಂತ ಕೇಳ್ತಾವ್ರೆ. ಇವಳು ನೀರು, ನೀರು ಅಂತ ಅಳ್ತಾವ್ಳೆ.”

“ಮತ್ತೆ ಕೊಡೋದಲ್ವಾ?”

“ಬೋರ್ ಕೇಳ್ದೋನು, ‘ನೀರು ಬತ್ತದೆ ಅಂತ ತಾಯಿ ಅಪ್ಪಣೆ ಆಯ್ತು’ ಅಂತ ಕುಣಿದ್ನಂತೆ.”

“ಅಲ್ವೇ, ಮಗೂಗೆ ನೀರು ಕೊಡೋದಲ್ವಾ?”

ಸವಿತಾ ನನ್ನ ಮುಖ ನೋಡಲಿಲ್ಲ. “ನೀರು ಕುಡಿದ್ರೆ ಉಚ್ಚೆಗೆ ಏಳ್ತಾಳೆ. ಎದ್ರೆ ಮಣೆ ಮೈಲಿಗೆ ಆಗುತ್ತೆ ಅಂತ ಕೊಡ್ಲಿಲ್ವಂತೆ. ಬೆಳಿಗ್ಗೆಯಿಂದ.”

 ಒಬ್ಬರಾದರೂ, ಅಷ್ಟು ಜನ ಹೆಂಗಸರಲ್ಲಿ ಒಬ್ಬಳಾದರೂ ಒಂದು ಲೋಟ ನೀರು ಹಿಡಿಯಲಿಲ್ಲವೇ?

ಸವಿತಾ ಬಾಗಿಲಲ್ಲೇ ಕಲ್ಲಾಗಿ ನಿಂತಿದ್ದಳಂತೆ. ಆ ಹೊತ್ತಿಗೆ ಅಂಗನವಾಡಿ ಮುಗಿಸಿ ಬಂದ ಶಾಂತಮ್ಮ ಜನರನ್ನು ತಳ್ಳಿಕೊಂಡು ನಡುಮನೆಗೆ ನುಗ್ಗಿ, ಮಗುವನ್ನು ಎತ್ತಿಕೊಂಡು ಹೊರಬಂದರು. ಹಿಂದಿನಿಂದ ಎಲ್ಲರೂ ಕೂಗಿದ್ದು ಒಂದೇ ಮಾತಂತೆ: “ಚಪ್ಲಿ ಹಾಕ್ಕೊಂಡು ಒಳೀಕ್ ಬಂದ್ಬುಟ್ಲು!” ಮನೆಗೆ ಕರೆದುಕೊಂಡು ಹೋಗಿ ನೀರು ಕುಡಿಸಿದ ಮೇಲೆ, ಸವಿತಾಳೇ ಕೇಳಿಕೊಂಡು, ಶಾಂತಮ್ಮನ ಕೈಯಿಂದಲೇ ಆ ಗಂಟಿನ ಸಮೇತ ಕೂದಲಿಗೆ ಕತ್ತರಿ ಹಾಕಿಸಿದಳು. ಅಳಿಯಂದಿರು ಅವತ್ತೇ ಬೇರೆ ಬಾಡಿಗೆ ಮನೆ ಹುಡುಕಲು ಶುರು ಮಾಡಿದರು.

ಅಷ್ಟರಲ್ಲಿ ಗೌರಮ್ಮನೇ ಬಂದಳು, ಕೈಯಲ್ಲಿ ತೀರ್ಥದ ಬಟ್ಟಲು. ಜಗಳಕ್ಕೆ ಬಂದಳೆಂದುಕೊಂಡೆ. ಅವಳ ಕಣ್ಣು ಅತ್ತು ಊದಿತ್ತು. ಜನ ಮಗುವಿನ ಮುಂದಿಟ್ಟಿದ್ದ ಕಾಣಿಕೆಯ ಒಂದು ರೂಪಾಯಿಯನ್ನೂ ಅವಳು ಮುಟ್ಟಿರಲಿಲ್ಲ, ಎಲ್ಲವನ್ನೂ ದೇವಸ್ಥಾನದ ಹುಂಡಿಗೆ ಹಾಕಿಬಂದಿದ್ದಳು. ಅದರಿಂದ ನನಗೆ ಇನ್ನೂ ದಿಗಿಲಾಯಿತು. ಕಳ್ಳಿಯಾಗಿದ್ದರೆ ಬೈದು ಮುಗಿಸಬಹುದಿತ್ತು.

“ಮನೆಗ್ ಬಂದ ತಾಯೀನ ಕತ್ತರೀಲಿ ಕಳುಸ್ಬುಟ್ರಲ್ಲವ್ವಾ,” ಎಂದು ನನ್ನ ಕೈ ಹಿಡಿದಳು. “ನೀವಾದ್ರೂ ನಿಮ್ ಮಗಳ್ಗೆ ಬುದ್ಧಿ ಏಳಿ. ನೀವು ನಮ್ಮಂಗೇ ದೇವ್ರು ದಿಂಡ್ರು ಅನ್ನೋರು.”

“ಮಗೂಗೆ ನೀರು ಯಾಕೆ ಕೊಡಲಿಲ್ಲ ಗೌರಮ್ಮಾ?”

“ಅದೇನವ್ವಾ ಹಿಂಗ್ ಕೇಳೀರಿ? ಒಂದಿನ ಉಪ್ವಾಸ ಇರಕಾಗಲ್ವಾ? ನೀವ್ ಇರಲ್ವಾ ಸೋಮ್ವಾರ?”

“ನಾನು ಇರ್ತೀನಿ. ನನಗೆ ಬೇಕು ಅಂತ ಇರ್ತೀನಿ. ಅಳೋ ಮಗೂನ ನೀರು ಕೊಡದೆ ಕೂರಿಸಲ್ಲ.”

ಅವಳಿಗೆ ಅರ್ಥವಾಗಲಿಲ್ಲ. ನನ್ನ ಹಣೆ ನೋಡಿದಳು, ನನ್ನ ಮುಖ ನೋಡಿದಳು, ಎರಡೂ ಒಬ್ಬಳದೇ ಹೌದೋ ಅಲ್ಲವೋ ಎನ್ನುವ ಹಾಗೆ. ತೀರ್ಥದ ಬಟ್ಟಲನ್ನು ಜಗಲಿಯ ಮೇಲಿಟ್ಟು ಹೋದಳು.

ಮಂಚದ ಕೆಳಗಿನ ಮಗು ಇನ್ನೂ ಹೊರಬಂದಿರಲಿಲ್ಲ. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದೆ. ವಿಭೂತಿ ಬೇಗ ಹೋಯಿತು. ಕುಂಕುಮ ಹೋಗಲಿಲ್ಲ. ಸೋಪು ಹಚ್ಚಿ ಉಜ್ಜಿದೆ. ಮದುವೆಯಾದಾಗಿನಿಂದ ನಾನು ಬರಿ ಹಣೆಯಲ್ಲಿ ನಾಲ್ಕು ಜನರ ಮುಂದೆ ನಿಂತವಳಲ್ಲ. ಯಜಮಾನರ ಬೋಳುತಲೆ ಕಣ್ಣಮುಂದೆ ಬಂತು. ಅವರನ್ನು ನೀನೇ ನೋಡಿಕೊಳ್ಳಪ್ಪ ಎಂದು ನಂಜುಂಡನಿಗೆ ಹೇಳಿ ಹೊರಗೆ ಬಂದೆ.

ನೆಲದ ಮೇಲೆ ಕೂತು ಹಣೆ ತೋರಿಸಿದೆ. ಸ್ವಲ್ಪ ಹೊತ್ತಿಗೆ ಒಂದು ಕೈ ಹೊರಗೆ ಬಂತು. ಹಣೆಯನ್ನು ಮುಟ್ಟಿ, ಬೆರಳು ನೋಡಿಕೊಂಡಿತು. ಕೆಂಪಾಗಿರಲಿಲ್ಲ. ಆಮೇಲೆ ಇಡೀ ಮಗು ಬಂತು.

ಸಾಯಂಕಾಲ ಶಾಂತಮ್ಮನ ಮನೆಗೆ ಹೋದೆ. ಅವರ ತವರು ದೇವನೂರು. ನಡುಮನೆಯಲ್ಲಿ ಬುದ್ಧನ ಫೋಟೋ, ಅದರ ಮುಂದೆ ಸಣ್ಣ ದೀಪ. ಟೀ ಕೊಟ್ಟು, ಬೀರುವಿನಿಂದ ಬಿಳಿ ಬಟ್ಟೆಯ ಗಂಟೊಂದನ್ನು ತಂದು ನನ್ನ ಮುಂದಿಟ್ಟರು. ಬಿಚ್ಚಿದರೆ ಚಿನ್ನುವಿನ ಕೂದಲು.

“ನಿಮ್ಮ ಹರಕೆ ಅಂತ ಸವಿತಾ ಹೇಳಿದ್ರು. ಕಸದಲ್ಲಿ ಹೆಂಗ್ ಹಾಕ್ಲಿ?”

“ನಿಮಗೆ ಇದರಲ್ಲೆಲ್ಲ ನಂಬಿಕೆ ಇಲ್ಲವಲ್ಲ.”

“ನಂಗಿಲ್ಲ. ನಿಮ್ಗೆ ಐತಲ್ಲ,” ಎಂದು ನಕ್ಕರು. “ಕಟಿಂಗ್ ಮಾತ್ರ ಚೆನ್ನಾಗ್ ಬರ್ಲಿಲ್ಲ ಕಣ್ರೀ. ಅಂಗನವಾಡಿ ಕತ್ರಿ ಅದು, ಪೇಪರ್ ಹೂವ ಮಾಡೋದು.”

ಅವತ್ತು ಮೊದಲ ಸಲ ನಾನೂ ನಕ್ಕೆ. ನಕ್ಕ ಮೇಲೆ ಅಳು ಬಂತು.

ಮಂಗಳವಾರ ತಿಂಡಿ ತಿಂದು ಹೊರಟೆ. ಬರಿ ಹಣೆಯಲ್ಲಿ ಅಮ್ಮನನ್ನು ಕಳಿಸಲು ಸವಿತಾಳಿಗೂ ಮನಸ್ಸಾಗಲಿಲ್ಲ. ಬಾಗಿಲ ಮರೆಗೆ ಕರೆದು ಕುಂಕುಮ ಇಟ್ಟಳು, ಸಾಸಿವೆಯಷ್ಟು. ತಿರುಗಿದರೆ ಚಿನ್ನು ನಿಂತು ನೋಡುತ್ತಿದ್ದಳು. ಈ ಸಲ ಓಡಲಿಲ್ಲ.

“ಅಜ್ಜಿ, ಅದು ಇಟ್ಕೊಂಡ್ರೆ ನೀನು ನನ್ನ ಕೂರ್ಸಲ್ಲ ತಾನೆ?”

“ಕೂರ್ಸಲ್ಲ ಕಂದಾ.”

“ನೀರು ಕೊಡ್ತೀಯ?”

“ಕೊಡ್ತೀನಿ. ಎಷ್ಟು ಬೇಕಾದ್ರೂ ಕೊಡ್ತೀನಿ.”

ಬಸ್‌ಸ್ಟ್ಯಾಂಡಿನವರೆಗೆ ಸವಿತಾ ಬಂದಳು. ಬಟ್ಟೆಯ ಗಂಟು ನನ್ನ ಚೀಲದಲ್ಲಿತ್ತು. “ನಿಮ್ಮಣ್ಣ ಬಂದ ಮೇಲೆ ಒಂದು ಸಲ ಮಗೂನ ಕರ್ಕೊಂಡು ಬಾ, ಬರೀ ಕೈಮುಗಿದು ಹೋಗ್ಲಿ,” ಅಂದೆ.

“ದೇವಸ್ಥಾನಕ್ಕೆ ಮಾತ್ರ ಕರೀಬೇಡ ಅಮ್ಮ. ನಾನೂ ಬರಲ್ಲ.”

“ನಂಜುಂಡ ಏನು ಮಾಡಿದ್ನೇ ನಿಂಗೆ?”

“ಏನೂ ಮಾಡ್ಲಿಲ್ಲ,” ಅಂದಳು. “ಅದನ್ನೇ ನಾನೂ ಹೇಳ್ತಿರೋದು.”

ಬಸ್ಸಿನಲ್ಲಿ ಆ ಮಾತಿಗೆ ಉತ್ತರ ಹುಡುಕಿದೆ.  ನನಗೆ ದೇವರು ಎಂದರೆ ಮೊದಲು ನೆನಪಾಗುವುದು ನಮ್ಮಜ್ಜಿ. ಪೂಜೆ ಮುಗಿಸಿ, ನೈವೇದ್ಯದ ಬಾಳೆಹಣ್ಣಿನಲ್ಲಿ ದೊಡ್ಡ ತುಂಡನ್ನು ನನ್ನ ಬಾಯಿಗೆ ಇಡುತ್ತಿದ್ದಳು. ದೇವರು ಒಳ್ಳೆಯವನು ಎಂದು ನನಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಆ ಹಣ್ಣೇ ಹೇಳಿತ್ತು. ಚಿನ್ನುವಿಗೆ ದೇವರು ಎಂದರೆ ಬಾಯಾರಿಕೆ. ಅದನ್ನು ಯಾವ ಕಥೆ ಹೇಳಿ ಮರೆಸುವುದು? ನಮ್ಮ ಮಗು ಜೀವಂತ ಸಿಕ್ಕಿತು, ಶಾಂತಮ್ಮ ಹೊತ್ತಿಗೆ ಸರಿಯಾಗಿ ಬಂದರು, ಅಳಿಯ ಹೆಂಡತಿಯನ್ನು ಬೈಯಲಿಲ್ಲ. ಎಂದಿನಂತೆ ಪುಣ್ಯಗಳನ್ನು ಎಣಿಸಿದೆ. ಎಣಿಸಿ ಮುಗಿದ ಮೇಲೂ ಚೀಲದ ಗಂಟನ್ನು ಹಿಡಿದುಕೊಂಡೇ ಇದ್ದೆ.

ನಂಜನಗೂಡಿನಲ್ಲಿ ಇಳಿದು ನೇರ ಹೊಳೆಯ ಹತ್ತಿರ ಮುಡಿ ತೆಗೆಯುವಲ್ಲಿಗೆ ಹೋದೆ. ಕ್ಷೌರದವರು ಗಂಟು ನೋಡಿ, “ಮಗ ಎಲ್ಲಮ್ಮಾ?” ಅಂದರು.

“ಮಗು ಬರಲ್ಲ.”

“ಮಗ ಬರ್ದೆ ಅರ್ಕೆ ಎಂಗ್ ತೀರ್ತದೆ?”

“ಗೊತ್ತಿಲ್ಲಪ್ಪ. ಕೊಟ್ಟ ಮಾತು ಅಂತ ತಂದೆ.” ಕೂದಲನ್ನು ಅಲ್ಲಿದ್ದ ಕೂದಲ ರಾಶಿಗೆ ಹಾಕಿ, ಗೋಪುರದ ಕಡೆ ಕೈಮುಗಿದೆ. ಕ್ಷಮಿಸು ಎಂದು ಕೇಳಲು ಹೋದೆ. ಬಾಯಿಗೆ ಬಂದದ್ದು ಬೇರೆ: ನೀನಾದರೂ ಒಂದು ಗುಟುಕು ಕುಡಿಸಬಾರದಿತ್ತೇನಪ್ಪ? ಅಷ್ಟು ಕೇಳಿ ನನಗೇ ಭಯವಾಗಿ ಮನೆಗೆ ಬಂದೆ.

ಯಜಮಾನರು ನನ್ನ ಹಣೆಯನ್ನು ನೋಡಿ, “ಇದೇನು, ಕುಂಕುಮಕ್ಕೂ ರೇಷನ್ನಾ?” ಅಂದರು. ಆಮೇಲೆ ಹೇಳುತ್ತೇನೆ ಎಂದು ಮೊದಲು ಮಗಳಿಗೆ ಫೋನು ಮಾಡಿದೆ. ಬಂದು ತಲುಪಿದೆ ಎನ್ನುವುದನ್ನೇ ಮರೆತೆ.

“ಚಿನ್ನು ನೀರು ಕುಡಿದಳಾ?”

“ಕುಡಿದಳಮ್ಮ. ಈಗ ತಾನೇ.”

ಪಾತ್ರೆಯ ತಟ್ಟೆ ತೆಗೆದೆ. ಯಜಮಾನರು ನೆನಪಿಟ್ಟು ನೀರು ಬದಲಾಯಿಸಿದ್ದರು, ಕಾಳು ಕೆಟ್ಟಿರಲಿಲ್ಲ. ಸೀರೆಯನ್ನೂ ಬದಲಾಯಿಸದೆ ಮುಂದಿಟ್ಟುಕೊಂಡು ಕೂತು ಹಿತುಕತೊಡಗಿದೆ.