ಸಾಕು ಅಂದವನ ಹೆಸರು

ಕನ್ನಡಕದ ಅಂಗಡಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಸೋಡಾಬುಡ್ಡಿ ಎಂದೇ. ಊರವರ ಕಣ್ಣಿಗೆಲ್ಲ ಗಾಜು ಉಜ್ಜಿ ಕೂರಿಸುವವನ ಗಾಜೇ ಎಲ್ಲರಿಗಿಂತ ದಪ್ಪ. ಇದನ್ನು ಅವನೇ ಮೊದಲು ಹೇಳಿ ನಗುತ್ತಿದ್ದ. ಬೇರೆಯವರು ಹೇಳುವ ಮುಂಚೆ ತಾನೇ ಹೇಳಿಕೊಂಡರೆ ನೋವು ಕಡಿಮೆ ಎಂಬುದು ಶಾಲೆಯಲ್ಲಿ ಅವನು ನಿಜಕ್ಕೂ ಕಲಿತ ಒಂದೇ ಪಾಠ. ಕನ್ನಡಕ ತೆಗೆದರೆ ಎದುರಿನವರ ಮುಖ ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ಲೇಟು.

ಠಾಣೆಯಲ್ಲಿ ಮೊದಲು ಕಿತ್ತುಕೊಂಡದ್ದೂ ಕನ್ನಡಕವನ್ನೇ.

ಯಾರದೋ ಬೈಕು ಕಳುವಾಗಿತ್ತು. ಕದ್ದವನು ತೊಟ್ಟಂಥದ್ದೇ ಅಂಗಿಯನ್ನು ಇವನೂ ತೊಟ್ಟಿದ್ದ. ಸಂಜೆ ಕೆಲಸ ಮುಗಿಸಿ ಬರುವಾಗ ಜೀಪಿಗೆ ಹತ್ತಿಸಿದರು. ನನಗೆ ಬೈಕು ಓಡಿಸೋಕೇ ಬರಲ್ಲ ಸಾರ್ ಎಂದದ್ದಕ್ಕೆ ಠಾಣೆಯಲ್ಲಿ ಇನ್ನಷ್ಟು ಏಟು ಬಿತ್ತು. ಯಾರೋ ಹಿಂದಿನಿಂದ ಎರಡೂ ತೋಳುಗಳನ್ನು ಬಿಗಿಯಾಗಿ ಹಿಡಿದಿದ್ದರು. ಕೊನೆಗೆ ಒಂದು ದನಿ ಗಂಟಲು ಸರಿಮಾಡಿಕೊಂಡು, "ಸಾಕು ಬಿಡ್ರಪ್ಪ, ಇವನಲ್ಲ ಅನ್ಸುತ್ತೆ" ಅಂದಿತು. ಹೊಡೆತ ನಿಂತಿತು. ಮರುದಿನ ನಿಜವಾದ ಕಳ್ಳ ಸಿಕ್ಕಿದ. ಇವನ ಕೈಗೆ ಮುರಿದ ಕನ್ನಡಕ ಕೊಟ್ಟು, ಹೋಗು ಅಂದರು.

ಅವನು ತಾನೇ ಕೂತು ಮಾನವ ಹಕ್ಕುಗಳ ಆಯೋಗಕ್ಕೆ ಒಂದು ದೂರು ಬರೆದು ಕಳಿಸಿದ. ಯಾರ ಮೇಲೆ ಎಂಬಲ್ಲಿ 'ಪೊಲೀಸ್ ಠಾಣೆ' ಎಂದು ದಪ್ಪಕ್ಷರದಲ್ಲಿ ತುಂಬಿಸಿದ. ಅಕ್ಷರ ದುಂಡಗೆ ಬಂದದ್ದಕ್ಕೆ ಸ್ವಲ್ಪ ಹೆಮ್ಮೆಯೂ ಪಟ್ಟ. ದೂರು, ಎದುರುದಾರರು ಯಾರೆಂದು ಸ್ಪಷ್ಟವಿಲ್ಲ ಎಂಬ ಷರಾ ಹೊತ್ತು ವಾಪಸು ಬಂತು.

ಅಂಗಡಿಗೆ ಬರುತ್ತಿದ್ದ ಒಬ್ಬ ವಕೀಲೆ ಅದನ್ನು ಓದಿ ಕನ್ನಡಕದ ಮೇಲಿಂದ ನೋಡಿದಳು. ಆ ಕನ್ನಡಕವೂ ಇವನೇ ಮಾಡಿಕೊಟ್ಟದ್ದು.

"ಕಟ್ಟಡದ ಮೇಲೆ ದೂರು ಕೊಟ್ಟಿದ್ದೀಯಲ್ಲೋ ಮಹರಾಯ. ನೋಟಿಸು ಹೋದ್ರೆ ಕಿಟಕಿ ಉತ್ತರ ಕೊಡುತ್ತಾ?"

"ನಂಗೆ ಕಂಡಿದ್ದು ಅದೊಂದೇ, ಮೇಡಂ. ದೊಡ್ಡದಿತ್ತು."

ವಕೀಲೆ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ನೋಡು, ಠಾಣಾಧಿಕಾರಿನ, ಅವರ ಮೇಲಿನ ಅಧಿಕಾರಿನ ಹುದ್ದೆ ಹೆಸರಲ್ಲಿ ಹಾಕ್ತೀನಿ. ಆದ್ರೆ ಅವರು, ಅಂಥದ್ದೇನೂ ನಡೆದೇ ಇಲ್ಲ ಅಂತಾರೆ. ಆ ಕೋಣೇಲಿದ್ದ ಒಬ್ಬನ ಹೆಸರನ್ನಾದ್ರೂ ಸರಿಯಾಗಿ ಹೇಳು. ಹಂಗಂತ ತಪ್ಪು ಮನುಷ್ಯನ್ನ ಎಳೆದು ತಂದ್ಯೋ, ದೂರು ನೆಲಕಚ್ಚುತ್ತೆ."

ಮುಖ ನೋಡದವನು ಹೆಸರು ಎಲ್ಲಿಂದ ತರಬೇಕು? ಜೊತೆಗಿದ್ದ ರೂಮ್‌ಮೇಟು, ಪೊಲೀಸ್ ವಿಷಯ ಕಣಪ್ಪ, ನಮ್ಮನೇಲಿ ಬೈತಾರೆ ಎನ್ನುತ್ತ ತನ್ನ ಹಾಸಿಗೆ ಸುತ್ತಿಕೊಂಡು ಹೋಗಿದ್ದ. ಗೋಡೆಯ ಆ ಬದಿಯಲ್ಲಿ ಅವನ ತಲೆಯೆಣ್ಣೆಯ ಕಲೆ ಮಾತ್ರ ಉಳಿದಿತ್ತು. ದೂರದೂರಿನಿಂದ ಅಕ್ಕ ಫೋನು ಮಾಡಿದರೆ ಅದೇ ಮಾತು: "ಸುಮ್ನಿರೋ. ಯಾಕೆ ಇಲ್ಲದ್ದನ್ನ ಮೈಮೇಲೆ ಎಳ್ಕೋತೀಯ?" ಮೈಮೇಲೆ ಬಂದದ್ದಾಗಿದೆ ಅಕ್ಕ ಎಂದು ಅವನು ಹೇಳಲಿಲ್ಲ. ಊಟ ಆಯ್ತು ಎಂದು ಸುಳ್ಳು ಹೇಳಿ ಫೋನಿಟ್ಟ.

ನಿದ್ದೆ ಬಾರದಾಗ ಅವನು ಆ ದನಿಯನ್ನು ನೆನೆಯುತ್ತಿದ್ದ. ಸಾಕು ಬಿಡ್ರಪ್ಪ. ಇಷ್ಟು ದೊಡ್ಡ ಊರಿನಲ್ಲಿ ತನ್ನ ಪರವಾಗಿ ಬಾಯಿ ತೆರೆದದ್ದು ಅದೊಂದೇ ದನಿ.

ಒಂದು ಮಧ್ಯಾಹ್ನ ಆ ದನಿ ಅಂಗಡಿಗೇ ಬಂತು.

ನರೆತ ಮೀಸೆ, ಸಾದಾ ಬಟ್ಟೆ. ಪೇಪರ್ ಓದುವಾಗ ಅಕ್ಷರ ತೇಲುತ್ತವೆ ಎಂದು ಸನ್ನೆಯಲ್ಲೇ ಹೇಳಿ ಕೂತ ಮನುಷ್ಯ. ಸೋಡಾಬುಡ್ಡಿ ಅವನ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಕಾರ್ಡು ಕೈಗಿಟ್ಟು, ಕೆಳಗಿನ ಸಾಲು ಓದಿ ಅಂದ. ಗಿರಾಕಿ ಗಂಟಲು ಸರಿಮಾಡಿಕೊಂಡು ಓದತೊಡಗಿದ. ಸೋಡಾಬುಡ್ಡಿಯ ಕೈಯಲ್ಲಿದ್ದ ಗಾಜು ಜಾರಿ ಮೇಜಿನಡಿಗೆ ಉರುಳಿತು. ಬಗ್ಗಿ ಹುಡುಕುವ ನೆಪದಲ್ಲಿ ಅವನು ಅಲ್ಲೇ ಸ್ವಲ್ಪ ಹೊತ್ತು ಕೂತ.

ಎದ್ದು, ಎಲ್ಲ ಗಿರಾಕಿಗಳನ್ನೂ ಕೇಳುವಂತೆ ಹೆಸರು ಕೇಳಿ ಚೀಟಿಗೆ ಬರೆದುಕೊಂಡ. ಗಿರಾಕಿಗೆ ಇವನ ಗುರುತು ಹತ್ತಲಿಲ್ಲ.

ಸಂಜೆಯೇ ವಕೀಲೆಯ ಬಳಿ ಓಡಿದ. "ಮೇಡಂ, ಹೆಸರು ಸಿಕ್ತು. ಆದ್ರೆ ಅವರು ಒಳ್ಳೆಯೋರು. ಸಾಕು ಅಂದಿದ್ದೇ ಅವರು."

"ಬರೀ ಸಾಕು ಅಂದಿದ್ರೆ ಸಾಕ್ಷಿ. ಕೈ ಹಾಕಿದ್ರೆ ಎದುರುದಾರ. ಯಾವುದು ಅಂತ ಗೊತ್ತಾಗ್ದೆ ನಾನು ಪೆನ್ನು ಮುಟ್ಟಲ್ಲ. ಕೇಳು."

"ಅವರನ್ನೇನಾ?"

"ಮತ್ತಿನ್ಯಾರನ್ನ? ಕಿಟಕಿನಾ?"

ಆ ಗಿರಾಕಿ ಕನ್ನಡಕ ಒಯ್ಯಲು ಬಂದಾಗ ಯಜಮಾನರು ಊಟಕ್ಕೆ ಹೋಗಿದ್ದರು. ಕನ್ನಡಕ ತುಸು ಜಾರುತ್ತಿತ್ತು. ಕಡ್ಡಿಗಳನ್ನು ಬಿಸಿ ಮಾಡಿ ಬಗ್ಗಿಸಿ, ಆ ಮನುಷ್ಯನ ಕಿವಿಗಳ ಹಿಂದೆ ಸರಿಯಾಗಿ ಕೂರಿಸುತ್ತ, ಅಷ್ಟು ಹತ್ತಿರದಿಂದ, ಮೆಲ್ಲಗೆ ಕೇಳಿದ:

"ಬೈಕು ಕೇಸಲ್ಲಿ ಒಬ್ಬ ಹುಡುಗನ್ನ ತಂದಿದ್ರಲ್ಲ ಸಾರ್. ಸಾಕು ಬಿಡ್ರಪ್ಪ ಅಂದಿದ್ದು ನೀವಲ್ವಾ?"

ಹೊಸ ಗಾಜಿನ ಹಿಂದಿನ ಕಣ್ಣುಗಳು ಅವನ ಮುಖವನ್ನು ಮೊದಲ ಸಲ ಓದಿದವು.

"ನೀನಾ?"

"ನಾನೇ ಸಾರ್. ದೂರು ಕೊಡ್ತಿದ್ದೀನಿ. ನೀವು ಸಾಕ್ಷಿ ಹೇಳಬಹುದು ಅಂತ..."

ಪೊಲೀಸಿನವನು ಕನ್ನಡಕ ತೆಗೆದು ಮಡಚಿದ. ಮತ್ತೆ ಬಿಚ್ಚಿದ.

"ನಿನ್ನ ತೋಳು ಹಿಡ್ಕೊಂಡಿದ್ದೋನೂ ನಾನೇ ಕಣಪ್ಪ. ಅಷ್ಟು ಹೊತ್ತೂ ಹಿಡ್ಕೊಂಡಿದ್ದೆ. ಆಮೇಲೆ ಸಾಕು ಅಂದೆ."

ಹೊರಗೆ ಯಾವುದೋ ಗಾಡಿ ಹಾರ್ನ್ ಹೊಡೆಯುತ್ತಲೇ ಇತ್ತು. ಸೋಡಾಬುಡ್ಡಿಗೆ ಏನಾದರೊಂದು ತಮಾಷೆ ಹೇಳಬೇಕೆನಿಸಿತು. ಹೊಳೆಯಲಿಲ್ಲ.

"ಉಳಿದೋರು ಯಾರು ಸಾರ್?"

"ಅದನ್ನ ಕೇಳಬೇಡ. ನಂದು ನಿನ್ನ ಚೀಟೀಲಿ ಇದೆಯಲ್ಲ. ಅದನ್ನ ಬರ್ಕೋ."

"ಕೇಳಿದಾಗ ಹಿಂಗೇ ಹೇಳ್ತೀರಾ?"

ಪೊಲೀಸಿನವನು ಕನ್ನಡಕ ಜೇಬಿಗಿಟ್ಟು ಎದ್ದ. ಬಾಗಿಲಿನ ಬಳಿ ಗಂಟಲು ಸರಿಮಾಡಿಕೊಂಡ ಸದ್ದು ಮಾತ್ರ ಕೇಳಿತು.

ವಕೀಲೆ ಠಾಣಾಧಿಕಾರಿ ಮತ್ತು ಮೇಲಧಿಕಾರಿಯ ಹುದ್ದೆಗಳ ಕೆಳಗೆ ಆ ಹೆಸರನ್ನು ಬರೆದಳು. ಅದರ ಕೆಳಗೆ, ಆ ಸಂಜೆ ಕರ್ತವ್ಯದಲ್ಲಿದ್ದ ಇತರರು ಎಂದು ಸೇರಿಸಿದಳು. "ಈಗ ದೂರಿಗೆ ಕಾಲು ಬಂತು. ಏನೋ, ಮುಖ ಹಿಂಗೆ ಮಾಡ್ಕೊಂಡಿದ್ದೀಯ? ಖುಷಿ ಪಡು."

"ಪಡ್ತಿದ್ದೀನಿ ಮೇಡಂ. ಸೋಡಾಬುಡ್ಡಿ ಗಾಜಿನಾಚೆಗೆ ಕಾಣಲ್ಲ, ಅಷ್ಟೇ."

ರೂಮಿಗೆ ಬಂದು, ದೀಪ ಆರಿಸಿ, ಕನ್ನಡಕ ತೆಗೆದಿಟ್ಟು ಮಲಗಿದ. ಅಭ್ಯಾಸಬಲದಿಂದ ಆ ಮಾತನ್ನು ನೆನೆದ. ಸಾಕು ಬಿಡ್ರಪ್ಪ. ದನಿ ಮೊದಲಿನಂತೆಯೇ ಮೆತ್ತಗೆ ಕೇಳಿತು, ಆದರೆ ಎರಡೂ ತೋಳುಗಳು ನೋಯತೊಡಗಿದವು. ಅವನು ಗೋಡೆಯ ಕಡೆ, ಎಣ್ಣೆಯ ಕಲೆ ಇದ್ದ ಕಡೆ, ಹೊರಳಿದ.