ಸದಾಶಿವಣ್ಣನ ಮಧ್ಯಾಹ್ನದ ಶಾಲೆ

ಇವತ್ತು ಬೆಳಿಗ್ಗೆ ಮಣಿಪಾಲದ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಬನ್ಸ್ ಕರಿಯುತ್ತಿದ್ದರು. ಬಾಳೆಹಣ್ಣು ಕಲಸಿದ ಹಿಟ್ಟು ಎಣ್ಣೆಗೆ ಬಿದ್ದಾಗಿನ ಆ ಸಿಹಿ ವಾಸನೆ ನಿಮಗೂ ಗೊತ್ತಿರಬಹುದು. ಬೇರೆಯವರಿಗೆ ಅದರಿಂದ ಹಸಿವಾಗುತ್ತದೆ. ನನಗೆ ಮೊದಲು ಸದಾಶಿವಣ್ಣ ನೆನಪಾಗುತ್ತಾರೆ, ಹಸಿವು ಆಮೇಲೆ.

ಸದಾಶಿವಣ್ಣ ನನ್ನ ಹಿಂದಿನ ಆಫೀಸಿನ ಯಜಮಾನರು. ಮನೆ ಕಾರ್ಕಳದಲ್ಲಿ, ಆಫೀಸು ಉಡುಪಿಯ ಒಂದು ಬಟ್ಟೆ ಅಂಗಡಿಯ ಮೇಲೆ. ಮದುವೆ ಹಾಲ್, ಲಾಡ್ಜ್, ಹಲ್ಲಿನ ಡಾಕ್ಟರು, ಯಾರು ಕೇಳಿದರೂ ವೆಬ್‌ಸೈಟ್ ಮಾಡಿಕೊಡುತ್ತಿದ್ದೆವು. ಡಿಪ್ಲೊಮಾ ಮುಗಿಸಿ ಅಲೆವೂರಿನಿಂದ ಬಸ್ಸು ಹತ್ತಿ ಬಂದು ಸೇರಿದವನು ನಾನು, ತಲೆ ನರೆಯುವವರೆಗೂ ಅಲ್ಲೇ ಇದ್ದೆ. ಕಲಿತದ್ದು ಸಾಕು ಎಂಬ ನೆಮ್ಮದಿ ಇತ್ತು. ಅದು ನೆಮ್ಮದಿಯೋ ಸೋಮಾರಿತನವೋ ಎಂದು ಯೋಚಿಸಿರಲಿಲ್ಲ.

ಆಮೇಲೆ ಗಿರಾಕಿಗಳು ಕಡಿಮೆಯಾದರು. ಸಣ್ಣ ವೆಬ್‌ಸೈಟನ್ನು ಜನ ಫೋನಿನಲ್ಲೇ ಮಾಡಿಕೊಳ್ಳತೊಡಗಿದರು. ಮಳೆಗಾಲ ಮುಗಿಯುವಾಗ ಆಫೀಸು ಮುಚ್ಚುವುದೆಂದು ಸದಾಶಿವಣ್ಣ ಮೊದಲೇ ಹೇಳಿಬಿಟ್ಟರು. ನಾನು ಗಾಬರಿಯಲ್ಲಿ ಮಣಿಪಾಲದ ಕಂಪೆನಿಯೊಂದಕ್ಕೆ ಸಂದರ್ಶನಕ್ಕೆ ಹೋದೆ. ಅಲ್ಲಿದ್ದವರು ರಿಯಾಕ್ಟ್ ಬರುತ್ತದಾ ಎಂದು ಕೇಳಿದರು. ಈಗಿನ ವೆಬ್‌ಸೈಟುಗಳನ್ನು ಕಟ್ಟುವ ಫ್ರೇಮ್‌ವರ್ಕುಗಳಲ್ಲಿ ಅದೊಂದು. ಹೆಸರು ಕೇಳಿದ್ದೇನೆ ಎಂದೆ. ಅವರು ನಗಲಿಲ್ಲ; ನಕ್ಕಿದ್ದರೆ ವಾಸಿಯಿತ್ತು. ಮಗಳ ಶಾಲೆ, ಅಮ್ಮನ ಔಷಧಿ ಎಲ್ಲ ನನ್ನ ಸಂಬಳದಲ್ಲೇ ನಡೆಯುತ್ತಿತ್ತು. ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಿದ್ದಾಗ ಇಳಿಯುವ ಸ್ಟಾಪ್ ದಾಟಿಹೋಯಿತು.

ಮರುದಿನ ಸದಾಶಿವಣ್ಣನಿಗೆ ಹೇಳಿದೆ. ಅವರು, "ನಿಮಗೆಲ್ಲ ಕೆಲಸ ಕೊಡ್ಲಿಕ್ಕೆ ಇನ್ನು ನನ್ನಿಂದ ಆಗುವುದಿಲ್ಲ. ಕೆಲಸ ಸಿಗುವ ಹಾಗೆ ಮಾಡಿ ಕಳಿಸಬಹುದು ಅಲ್ವಾ?" ಎಂದರು.

ಅಂದಿನಿಂದ ಊಟದ ಮೇಲೆ ಆಫೀಸೇ ಶಾಲೆಯಾಯಿತು. ಟೀಚರ್ ಕಾಪುವಿನ ನಫೀಸಾ. ಎಲ್ಲರಿಗಿಂತ ಕೊನೆಗೆ ಸೇರಿದವಳು, ಕಾಲೇಜಿನಲ್ಲೇ ರಿಯಾಕ್ಟ್ ಕಲಿತಿದ್ದಳು. ನಿನಗೆ ಏನೇನು ಬರುತ್ತದೆ ಎಂದು ನಾವು ಯಾರೂ ಅವಳನ್ನು ಕೇಳಿರಲೇ ಇಲ್ಲ. ಬನ್ಸ್ ತರುವುದು ಸದಾಶಿವಣ್ಣನ ಪಾಲು. ತಂದಿಟ್ಟು ಅವರೂ ನಮ್ಮ ಜೊತೆ ಕೂತು ಕಲಿಯುತ್ತಿದ್ದರು. ಮುಚ್ಚಲಿರುವ ಆಫೀಸಿನ ಯಜಮಾನರಿಗೆ ಇದೆಲ್ಲ ಯಾಕೆ ಎಂದು ನನಗೆ ಅರ್ಥವಾಗಿರಲಿಲ್ಲ.

ನನ್ನ ತೊಂದರೆ ಹಳೆಯ ಅಭ್ಯಾಸದ್ದು. ನಾವೇ ಹಿಂದೆ ಮಾಡಿದ್ದ ಮದುವೆ ಹಾಲಿನ ಪುಟವನ್ನು ಹೊಸ ರೀತಿಯಲ್ಲಿ ಕಟ್ಟಬೇಕಿತ್ತು. ಮದುವೆಗೆಂದು ಒಂದು ದಿನ ಬುಕ್ ಆದರೆ ಪುಟದಲ್ಲಿ ಅದು ಕಾಣುವಲ್ಲೆಲ್ಲ ಕೆಂಪಾಗಬೇಕು. ನಾನು ಒಂದೊಂದು ಜಾಗಕ್ಕೂ ಹೋಗಿ ತಿದ್ದುತ್ತಿದ್ದೆ. ಎಲ್ಲೋ ಒಂದು ಕಡೆ ಮರೆತು, ಒಂದೇ ದಿನಕ್ಕೆ ಎರಡು ಮದುವೆ ಬುಕ್ ಆಗುತ್ತಿತ್ತು. ನಫೀಸಾ ತಾಳ್ಮೆಯಿಂದ ನೋಡಿ ಹೇಳಿದಳು, "ಸರ್, ನೀವು ಪುಟವನ್ನು ಮುಟ್ಟಬೇಡಿ. ದಿನ ಬುಕ್ ಆಗಿದೆ ಅಂತ ಒಂದು ಕಡೆ ಮಾತ್ರ ಹೇಳಿ. ಉಳಿದದ್ದು ತನ್ನಿಂದ ತಾನೇ ಆಗ್ತದೆ."

ಎಲ್ಲವನ್ನೂ ನಾನೇ ತಿದ್ದಬೇಕೆಂಬ ಹಟ ಬಿಡಲು ಮಳೆಗಾಲದ ಬಹುಭಾಗ ಹಿಡಿಯಿತು. ಕೊನೆಗೊಂದು ಮಧ್ಯಾಹ್ನ ಪುಟದ ಒಂದು ದಿನವನ್ನು ಮೌಸಿನಿಂದ ಒತ್ತಿದೆ. ಎಲ್ಲ ಕಡೆ ಒಟ್ಟಿಗೆ ಕೆಂಪಾಯಿತು. ಸದಾಶಿವಣ್ಣ ಎದ್ದು ಬಂದು ತಾವೂ ಒತ್ತಿದರು, ಮತ್ತೂ ಒತ್ತಿದರು, ಆ ವರ್ಷದ ಮುಹೂರ್ತಗಳೆಲ್ಲ ಖಾಲಿಯಾಗುವವರೆಗೆ.

ಆಫೀಸು ಮುಚ್ಚುವ ಮೊದಲೇ ನಫೀಸಾಳಿಗೆ ಕೆಲಸ ಸಿಕ್ಕಿತು. ಆ ಪುಟವನ್ನೇ ತೋರಿಸಿ ನಾನೂ, ಮೊದಲು ಸಂದರ್ಶನಕ್ಕೆ ಹೋಗಿದ್ದ ಈ ಕಂಪೆನಿಗೇ ಬಂದೆ. ರಿಯಾಕ್ಟ್ ಬರುತ್ತದೆ ಎಂದಾದ ಮೇಲೆಯೇ ಅವರು ನನ್ನ ಹಳೆಯ ಅನುಭವದ ಬಗ್ಗೆಯೂ ಕೇಳಿದ್ದು. ಕೇಳಿದ ಮೇಲೆ ಅದಕ್ಕೂ ಬೆಲೆ ಬಂತು.

ಕೊನೆಯ ದಿನ ಮೇಜು ಕುರ್ಚಿ ಟೆಂಪೋಗೆ ಹೇರುವಾಗ, ನೀವಿನ್ನು ಎಂತ ಮಾಡುತ್ತೀರಿ ಎಂದು ಸದಾಶಿವಣ್ಣನನ್ನು ಕೇಳಿದೆ. ತಮಗೂ ಕಾರ್ಕಳದಲ್ಲೇ ರಿಯಾಕ್ಟಿನ ಒಂದು ಕೆಲಸ ಸಿಕ್ಕಿದೆ ಎಂದು ನಾಚಿಕೊಂಡು ಹೇಳಿದರು. ಮೇಲಧಿಕಾರಿ ಅವರ ಮಗಳಿಗಿಂತ ಚಿಕ್ಕವಳಂತೆ. ಕೆಲವು ವಾರ ಕಳೆದು ಫೋನು ಮಾಡಿದರು. "ರಜೆ ಕೇಳುವುದರಲ್ಲಿ ಇಷ್ಟು ಸುಖ ಉಂಟು ಅಂತ ಗೊತ್ತಿರಲಿಲ್ಲ ಮಾರಾಯ. ಇಷ್ಟು ವರ್ಷ ಕೊಟ್ಟದ್ದೇ ಆಯ್ತು."

ಇವತ್ತು ಕ್ಯಾಂಟೀನಿನಿಂದ ಮೇಲೆ ಬಂದರೆ ಮೀಟಿಂಗ್ ಕಾದಿತ್ತು. ಮುಂದಿನ ಕೆಲಸಕ್ಕೆ ರಿಯಾಕ್ಟ್ ಅಲ್ಲ, ಬೇರೊಂದು ಫ್ರೇಮ್‌ವರ್ಕ್ ಎಂದರು. ಸ್ವಲ್ಪ ಅಳುಕಾಯಿತು, ಇಲ್ಲವೆನ್ನುವುದಿಲ್ಲ. ಅದು ಗೊತ್ತಿರುವುದು ಮೊನ್ನೆ ಸೇರಿದ ಪೆರ್ಡೂರಿನ ಹುಡುಗಿಗೆ ಮಾತ್ರ. ನನ್ನಂಥ ಹಿರಿಯರಿಗೆ ಹೇಗೆ ಹೇಳಿಕೊಡುವುದೆಂಬ ಸಂಕೋಚದಲ್ಲಿ ಅವಳು ತಲೆ ತಗ್ಗಿಸಿ ಕೂತಿದ್ದಳು. ನಾನು ಕುರ್ಚಿಯನ್ನು ಅವಳ ಮೇಜಿನ ಹತ್ತಿರಕ್ಕೆ ಎಳೆದುಕೊಂಡೆ.

"ಮೊದಲಿನಿಂದ ಹೇಳಿ ಟೀಚರ್," ಎಂದೆ.