ತುಂಬದ ಗುಂಡಿ ಕಡಿದ ಲಿಗೋರಿ

ಲಿಗೋರಿಗೆ ಅರುವತ್ತು ರೂಪಾಯಿ ಕೂಲಿ ಇನ್ನೂ ಬರಬೇಕು. ಎಪ್ಪತ್ತಮೂರರ ಡಿಸೆಂಬರಿನಲ್ಲಿ, ಮಣಿಪಾಲದ ಗುಡ್ಡದ ಮೇಲೆ ಆಗಷ್ಟೇ ಏಳುತ್ತಿದ್ದ ಒಂದು ಲಾಡ್ಜಿನ ಹಿಂದೆ, ಪಾಯಿಖಾನೆಯ ನೀರು ಇಂಗುವ ಗುಂಡಿ ಕಡಿದ ಬಾಬ್ತು. ಕೊಡಬೇಕಾದವರು ಒಮ್ಮೆ ಕೊಡಲು ಬಂದಿದ್ದರು. ಅವನೇ ತೆಗೆದುಕೊಳ್ಳಲಿಲ್ಲ.

ಅಜೆಕಾರಿನ ಕಡೆಯವನು. ಹದಿನಾರಕ್ಕೆ ಪಿಕ್ಕಾಸು ಹಿಡಿದು ಕಟ್ಟಡದ ಕೆಂಪು ಮುರಕಲ್ಲು ಕಡಿಯಲು ಬಂದ. ಗುಡ್ಡ ಆಗ ಬೋಳು. ಕಟ್ಟಡಗಳು ಒಂದೊಂದಾಗಿ ಏಳುತ್ತಿದ್ದವು. ಮೊದಲು ಅವುಗಳಿಗೆ ಕಲ್ಲು ಬೇಕಿತ್ತು, ಆಮೇಲೆ ಗುಂಡಿ ಬೇಕಾಯಿತು. ಎರಡನ್ನೂ ಲಿಗೋರಿ ಮಾಡಿಕೊಟ್ಟ. ಗುಡ್ಡದ ಪಡುಬದಿಯ ಇಳಿಜಾರಿನಲ್ಲಿ ಐದು ಸೆಂಟ್ಸ್ ಜಾಗ ಮಾಡಿ, ಮೂಲೆ ಒಡೆದು ಯಾರಿಗೂ ಬೇಡವಾದ ಕಲ್ಲುಗಳಲ್ಲಿ ಮನೆ ಕಟ್ಟಿದ. ಬಾವಿಯನ್ನೂ ತಾನೇ ತೋಡಿದ, ಹದಿನಾಲ್ಕು ಕೋಲು ಆಳ, ಅಂದರೆ ಮೂವತ್ತು ಅಡಿಗೂ ಮಿಕ್ಕಿ. ಹೆಂಡತಿ ಝೀಟಾ ಶಂಕರಪುರದವಳು. ತವರಿನಿಂದ ಮಲ್ಲಿಗೆಯ ಗೆಲ್ಲು ತಂದು ನೆಟ್ಟಳು. ಮಾರ್ಚ್ ಮುಗಿಯುವಾಗ ಬಾವಿಯಲ್ಲಿ ಮೊಣಕಾಲುದ್ದ ನೀರು ಉಳಿಯುತ್ತಿತ್ತು. ಗಿಡಕ್ಕೆ ಹೊಯ್ಯುವುದನ್ನು ನಿಲ್ಲಿಸಿ, ಬಾವಿಯಿಲ್ಲದ ನೆರೆಮನೆಗಳಿಗೆ ದಿನಕ್ಕೆ ಎರಡೆರಡು ಕೊಡ ಕೊಡುವಳು. ಅವರಲ್ಲಿ ಬೀಡಿ ಕಟ್ಟುವ ವೇದಾವತಿಯೂ ಒಬ್ಬಳು.

ಇನ್ನು ಆ ಗುಂಡಿಯ ವಿಚಾರ. ನಮ್ಮ ಕಡೆ ಇಂಗುಗುಂಡಿ ಕಡಿಯುವವರಿಗೆ ಹೆಸರು ಬರುವುದು ಒಂದೇ ಕಾರಣಕ್ಕೆ: ಗುಂಡಿ ತುಂಬಬಾರದು. ತುಂಬಿದರೆ ಖಾಲಿ ಮಾಡಲು ಜನ ಬೇಕು. ಆ ಜನ ಯಾವ ಜಾತಿಯವರಾಗಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಹಾಗಾಗಿ ಗಟ್ಟಿ ಕಲ್ಲು ದಾಟಿ, ಅದರಡಿಯ ಮೆತ್ತನೆಯ ಜೇಡಿ ಸಿಗುವವರೆಗೆ ಕಡಿಯುತ್ತಾರೆ. ಅದೃಷ್ಟವಿದ್ದರೆ ಆ ಜೇಡಿಯಲ್ಲಿ ಇಲಿ ಬಿಲದಂತಹ ತೂತು ಸಿಗುತ್ತದೆ. ಲಿಗೋರಿಗೆ ಸಿಕ್ಕಿತು. ಒಂದು ಕೊಡಪಾನ ನೀರು ಸುರಿದ. ಗುಳುಂ ಎಂದು ಮಾಯ. ಹತ್ತು ಕೊಡ ಸುರಿದರೂ ಅಷ್ಟೇ. ಲಾಡ್ಜಿನ ಮ್ಯಾನೇಜರ್ ತಾರಾನಾಥ ಕುಣಿದಾಡಿದ. “ಇದು ಗುಂಡಿ ಅಲ್ಲ ಮಾರಾಯ, ಇದು ಸಮುದ್ರ!” ಆ ಸಂತೋಷದಲ್ಲಿ ಕೊನೆಯ ವಾರದ ಕೂಲಿ ಮರೆತುಬಿಟ್ಟ.

ಎಪ್ಪತ್ತೈದರ ಏಪ್ರಿಲಿನಲ್ಲಿ ಝೀಟಾಳ ಬಾವಿ ಇಳಿಯಲಿಲ್ಲ. ಮರುವರ್ಷ ಒಂದು ಕೋಲು ಏರಿತು. ಪಾದ್ರಿಗಳನ್ನು ಕರೆಸಿ ಬಾವಿಗೆ ತೀರ್ಥ ಚಿಮುಕಿಸಿದರು. ಬೇಸಿಗೆಯಲ್ಲಿ ಬಾಡುತ್ತಿದ್ದ ಮಲ್ಲಿಗೆ ದಟ್ಟವಾಗಿ ಹೂ ಬಿಟ್ಟಿತು. ಎರಡೇ ಕೊಡ ಎಂಬ ಲೆಕ್ಕ ನಿಂತಿತು, ಎಂಟು ಮನೆಯವರು ಬೇಕಾದಷ್ಟು ಸೇದಿದರು. ಮೇಲೆ ತುಂಬದ ಗುಂಡಿ, ಕೆಳಗೆ ಬತ್ತದ ಬಾವಿ. ಎರಡನ್ನೂ ಊರು ಹೊಗಳಿತು, ಎರಡಕ್ಕೂ ಲಿಗೋರಿಯ ಕೈಗುಣವೇ ಕಾರಣ ಎಂದಿತು. ಆ ಮಾತು ಎಷ್ಟು ನಿಜ ಎಂದು ಯಾರಿಗೂ ಗೊತ್ತಿರಲಿಲ್ಲ.

ಬಾವಿ ಬತ್ತಿದಾಗ ಇಳಿದು ಕೆಸರು ತೆಗೆಯುವುದು ನಮ್ಮ ಪದ್ಧತಿ. ನಾಲ್ಕು ವರ್ಷ ಬತ್ತಲಿಲ್ಲ. ನಾಲ್ಕು ವರ್ಷ ಯಾರೂ ಇಳಿಯಲಿಲ್ಲ.

ಎಪ್ಪತ್ತೊಂಬತ್ತರ ಮೇ ತಿಂಗಳಲ್ಲಿ ಆ ಎಂಟು ಮನೆಗಳಿಗೆ ಕಾಮಾಲೆ ಹಿಡಿಯಿತು. ಉಳಿದವರು ಎದ್ದರು. ವೇದಾವತಿಯ ಸೊಸೆ ನಳಿನಾಕ್ಷಿ ಏಳು ತಿಂಗಳ ಬಸುರಿ, ಏಳಲಿಲ್ಲ. ಮಗುವೂ ಉಳಿಯಲಿಲ್ಲ. ಕಾಯಿಲೆ ನೀರಿನಿಂದ ಎಂದು ಡಾಕ್ಟರು ಹೇಳಿದ ದಿನ ಲಿಗೋರಿ ಬಾಡಿಗೆಗೆ ಪಂಪು ತಂದು ಬಾವಿ ಖಾಲಿ ಮಾಡಿಸಿ ಇಳಿದ. ಕಟ್ಟೆಯ ಬಳಿ ನಾನಿದ್ದೆ. ನಾನು ಲೀಡರಾಗಿದ್ದ ಕಲ್ಲುಕಡಿಯುವವರ ಸಂಘದ ಸದಸ್ಯ ಅವನು. ಹನ್ನೊಂದು ಕೋಲು ಇಳಿದವನು ಬಾವಿಯ ಗೋಡೆಗೆ ಮೂಗು ಹಚ್ಚಿ ನಿಂತ.

“ಎಂತ ಉಂಟು ಅಲ್ಲಿ?” ಕೂಗಿದೆ.

“ಮೂಡುಬದಿಯಿಂದ ಹೊಸ ಒರತೆ ಬರ್ತಾ ಉಂಟು, ಲೀಡ್ರೇ. ಸಾಬೂನಿನ ವಾಸನೆ.” ಒರತೆಗೆ ಕೈ ಒಡ್ಡಿ ಹೇಳಿದ, “ಇದು ನನ್ನ ತೂತು.”

ಮರುದಿನ ಗುಡ್ಡ ಹತ್ತಿ ತಾರಾನಾಥನ ಮುಂದೆ ನಿಂತ. ಗುಂಡಿ ಖಾಲಿ ಮಾಡಿಸಿಕೊಟ್ಟರೆ ಆ ತೂತನ್ನು ತಾನೇ ಸಿಮೆಂಟು ಹಾಕಿ ಮುಚ್ಚುತ್ತೇನೆ, ಕೂಲಿ ಬೇಡ ಎಂದ.

“ಮುಚ್ಚಿದ್ರೆ ಗುಂಡಿ ತುಂಬುದಿಲ್ವಾ?” ತಾರಾನಾಥ ಕೇಳಿದ.

“ತುಂಬ್ತದೆ. ತಿಂಗಳಿಗೊಮ್ಮೆ ಖಾಲಿ ಮಾಡ್ಬೇಕು.”

ಕ್ರೈಸ್ತರನ್ನು ನಮ್ಮ ಕಡೆ ಪೊರ್ಬು ಎನ್ನುತ್ತಾರೆ. “ನಲವತ್ತು ರೂಮು ಉಂಟು ಪೊರ್ಬುಗಳೇ. ತಿಂಗಳಿಗೊಮ್ಮೆ ಯಾರು, ನೀವು ಖಾಲಿ ಮಾಡ್ತೀರಾ?”

ಲಿಗೋರಿ ಅಲ್ಲಿಂದ ನೇರ ಸಂಘದ ಕಚೇರಿಗೆ ಬಂದ.

ನೀರು ಕೆಡಿಸಬಾರದೆಂಬ ಕಾನೂನು ದಿಲ್ಲಿಯಲ್ಲಿ ಆಗಿ ಐದು ವರ್ಷವಾಗಿತ್ತು. ನಾವು ಅರ್ಜಿ ಬರೆದೆವು, ಧರಣಿ ಕೂತೆವು. ಅದನ್ನು ನೋಡಿಕೊಳ್ಳುವ ಸರಕಾರಿ ಆಫೀಸಿನವರು ಪುರಾವೆ ಕೇಳಿದರು. ಬಣ್ಣದ ಉಪಾಯ ನನ್ನದು. ನೇಯುವವರ ಹತ್ತಿರ ಎರಡು ಸೇರು ನೇರಳೆ ಬಣ್ಣ ಕೊಂಡು, ಅದೇ ಲಾಡ್ಜಿನಲ್ಲಿ ಒಂದು ದಿನಕ್ಕೆ ರೂಮು ಹಿಡಿದು, ಪಾಯಿಖಾನೆಗೆ ಸುರಿದು ಬಕೆಟುಗಟ್ಟಲೆ ನೀರು ಹೊಯ್ದೆ. ರೂಮ್ ಬಾಯ್ ಬಾಗಿಲು ತಟ್ಟಿ, “ಹೊಟ್ಟೆ ಸರಿ ಇಲ್ವಾ ಸಾರ್?” ಎಂದು ಎರಡು ಸಲ ಕೇಳಿ ಹೋದ. ಮೂರನೆಯ ದಿನ ಬೆಳಿಗ್ಗೆ ಝೀಟಾ ಸೇದಿದ ಕೊಡಪಾನದಲ್ಲಿ ನೇರಳೆ ನೀರು.

ಗೆದ್ದೆವು ಅಂದುಕೊಂಡೆ. ಆಫೀಸಿನ ಸಾಹೇಬರು ಜೀಪಿನಲ್ಲಿ ಬಂದರು, ತಾರಾನಾಥನೂ ಜೊತೆಗೆ. ಸಾಹೇಬರು ಬಾವಿಗೆ ಬಗ್ಗಿ ನೋಡಿ ಮೂಗು ಮುಚ್ಚಿಕೊಂಡರು.

“ಕುಡಿಯುವ ನೀರಿಗೆ ಬಣ್ಣ ಬೆರೆಸಿದವರು ಯಾರು?”

“ನಾನು. ಲಾಡ್ಜಿನ ಪಾಯಿಖಾನೆಗೆ ಹಾಕಿದ್ದು,” ಎಂದೆ.

“ಬಾವಿಗೇ ಹಾಕಿಲ್ಲ ಅಂತ ಎಂತ ಗ್ಯಾರಂಟಿ?”

ಲಿಗೋರಿ ಮುಂದೆ ಬಂದು ತೂತಿನ ವಿಚಾರ ಬಿಡಿಸಿ ಹೇಳಿದ. ಜೇಡಿ, ಒರತೆ, ಸಾಬೂನು, ಎಲ್ಲ. ಸಾಹೇಬರು ಕೊನೆಯವರೆಗೂ ಕೇಳಿದರು.

“ಹಾಗಾದ್ರೆ ಗುಂಡಿ ಕಡಿದವನು ನೀನು?”

“ಹೌದು ಸ್ವಾಮಿ.”

“ಮತ್ತೆ ಯಾರ ಮೇಲೆ ಕಂಪ್ಲೇಂಟ್ ಕೊಡ್ತಿ?”

ತಾರಾನಾಥ ನಕ್ಕ. ಜೀಪು ಹತ್ತುವ ಮೊದಲು ಲಿಗೋರಿಯನ್ನು ಪಕ್ಕಕ್ಕೆ ಕರೆದು ಜೇಬಿನಿಂದ ಆರು ಹತ್ತರ ನೋಟು ತೆಗೆದ. “ನಿನ್ನ ಹಳೆ ಬಾಕಿ ಉಂಟಲ್ವಾ? ತಗೊಂಡು ಸುಮ್ಮನಿರು.” ಲಿಗೋರಿ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಅವನು ಮಾಡಿದ ದೊಡ್ಡ ಹೋರಾಟ ಅದೊಂದೇ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಹದಿನೈದು ದಿನಕ್ಕೆ ಆರ್ಡರು ಬಂತು. ಬಾವಿಯ ನೀರು ಕುಡಿಯಲು ಯೋಗ್ಯವಲ್ಲ; ಮಾಲೀಕರು ಸ್ವಂತ ಖರ್ಚಿನಲ್ಲಿ ಬಾವಿಯನ್ನು ಮುಚ್ಚತಕ್ಕದ್ದು. ಗುಂಡಿಯ ಬಗ್ಗೆ ಒಂದು ಅಕ್ಷರ ಇರಲಿಲ್ಲ.

ಲಿಗೋರಿ ಮುಚ್ಚಲಿಲ್ಲ, ರಾಟೆ ಕಳಚಿ ಒಳಗಿಟ್ಟ. ಮುಂದಿನ ಏಪ್ರಿಲಿನಲ್ಲಿ ವೇದಾವತಿ ಕೊಡಪಾನ ಹಿಡಿದು ಅಂಗಳಕ್ಕೆ ಬಂದಳು.

“ಹಗ್ಗ ಕೊಡಿ ಬಾಯಮ್ಮ.”

“ವೇದಕ್ಕ, ಈ ನೀರು ಬೇಡ. ನಿಮ್ಗೆ ಗೊತ್ತುಂಟಲ್ವಾ?” ಝೀಟಾ ಅಳತೊಡಗಿದಳು.

“ಗೊತ್ತುಂಟು. ಸತ್ತದ್ದು ನನ್ನ ಮನೆಯವಳು, ನನಗೆ ಗೊತ್ತಿಲ್ವಾ? ಬೇರೆ ನೀರು ಎಲ್ಲಿ ಉಂಟು, ಅದನ್ನು ಹೇಳಿ.”

ಝೀಟಾ ಹಗ್ಗ ಕೊಟ್ಟಳು. “ಕುದಿಸಿ ಕುಡೀರಿ,” ಎಂದಳು. ಬೀಡಿ ಕಟ್ಟುವ ಮನೆಯಲ್ಲಿ ದಿನವೂ ನೀರು ಕುದಿಸುವಷ್ಟು ಸೌದೆ ಎಲ್ಲಿಂದ ಬರಬೇಕು ಎಂದು ಅವಳಿಗೂ ಗೊತ್ತಿತ್ತು.

ಅದೇ ವರ್ಷ ಲಿಗೋರಿ ಮನೆಯ ತೆಂಕುಬದಿಯಲ್ಲಿ ಇನ್ನೊಂದು ಬಾವಿ ಕಡಿಯಲು ಹೊರಟ. ಒಬ್ಬನೇ, ಎರಡು ಬೇಸಿಗೆ. ಹನ್ನೆರಡನೆಯ ಕೋಲಿನಲ್ಲಿ ನೀರು ಬಂತು. ಬೊಗಸೆಯಲ್ಲಿ ಹಿಡಿದು ಮೂಸಿದ, ಏಣಿ ಹತ್ತಿ ಮೇಲೆ ಬಂದ. ಅದಕ್ಕೂ ಸಾಬೂನಿನ ವಾಸನೆ.

ಗುಡ್ಡದ ಮೇಲೆ ಮಾತ್ರ ಅವನ ಹೆಸರು ಬೆಳೆಯುತ್ತಲೇ ಇತ್ತು. ಲಾಡ್ಜು ಕಟ್ಟುವವರು, ಬಾಡಿಗೆ ಮನೆ ಕಟ್ಟುವವರು ಇಳಿಜಾರು ಇಳಿದು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. “ನಿಮ್ಮ ಕೈಯ ಗುಂಡಿ ತುಂಬುದಿಲ್ಲವಂತೆ. ನಮಗೂ ಅಂಥದ್ದೇ ಒಂದು ಬೇಕು. ಎರಡು ಪಟ್ಟು ಕೂಲಿ ಕೊಡ್ತೇವೆ.” ಅವನು ಬಾವಿ ತೋರಿಸಿ ಕಾರಣ ಹೇಳಿದರೆ, ಪಾಪ ಎಂದು ತಲೆಯಾಡಿಸಿ ಬೇರೆಯವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಆ ಬೇರೆಯವರು ನಮ್ಮ ಸಂಘದವರೇ. ಕಡಿಯಬೇಡಿ ಎಂದು ಸಭೆಯಲ್ಲಿ ಹೇಳಿದೆ. “ಬೇರೆ ಕೆಲಸ ಕೊಡಿಸ್ತೀರಾ ಲೀಡ್ರೇ?” ಎಂದು ಗುಂಡಿ ಕಡಿಯುತ್ತಿದ್ದ ಸದಸ್ಯ ಬ್ಯಾಪ್ಟಿಸ್ಟ್ ಎದ್ದು ನಿಂತು ಕೇಳಿದ. ನನ್ನ ಹತ್ತಿರ ಕೆಲಸ ಇರಲಿಲ್ಲ. ಎಂಬತ್ತನಾಲ್ಕರ ಹೊತ್ತಿಗೆ ಇಳಿಜಾರಿನ ಮೇಲೆ ಅಂಥ ಒಂಬತ್ತು ಗುಂಡಿಗಳು.

ಈಗ ಎಂಬತ್ತೇಳು. ಲಾಡ್ಜಿನ ಗೇಟಿನ ಹೊರಗೆ ತಾರಾನಾಥ ಒಂದು ನಳ್ಳಿ ಹಾಕಿಸಿದ್ದಾನೆ, ಬೆಳಿಗ್ಗೆ ಒಂದು ಗಂಟೆ ನೀರು. ಝೀಟಾ, ವೇದಾವತಿ ಅಲ್ಲಿ ಸಾಲು ನಿಲ್ಲುತ್ತಾರೆ, ತುಂಬಿದ ಮೇಲೆ ಅವನಿಗೆ ನಮಸ್ಕಾರ ಹೇಳುತ್ತಾರೆ. ಲಿಗೋರಿ ಹೋಗುವುದಿಲ್ಲ, ಅವರು ತಂದದ್ದನ್ನು ಕುಡಿಯುತ್ತಾನೆ. ಕಲ್ಲು ಕಡಿಯುವುದನ್ನು ಬಿಟ್ಟಿದ್ದಾನೆ.

ನೀವು ಇದನ್ನು ಓದುತ್ತಿರುವ ಮನೆಯ ಹಿಂದೆಯೂ ಒಂದು ಗುಂಡಿ ಇದೆ. ಕಟ್ಟಿಸಿ ಎಷ್ಟು ವರ್ಷವಾಯಿತು? ಒಮ್ಮೆಯಾದರೂ ತುಂಬಿದೆಯೇ? ತುಂಬಿಲ್ಲ, ಒಳ್ಳೆಯ ಗುಂಡಿ ಎಂದು ನೆಂಟರ ಮುಂದೆ ಹೇಳಿಕೊಳ್ಳಬೇಡಿ. ನಾಳೆ ಬೆಳಿಗ್ಗೆ ಇಳಿಜಾರಿನಲ್ಲಿ ಕೆಳಗಿಳಿದು ಮೊದಲು ಸಿಗುವ ಮನೆಯ ಬಾಗಿಲು ತಟ್ಟಿ, ಅವರ ಬಾವಿಯಿಂದ ಒಂದು ಲೋಟ ನೀರು ಸೇದಿಸಿ, ಕುದಿಸದೆ ಕುಡಿಯಿರಿ. ಕುಡಿಯಲು ಧೈರ್ಯ ಬರದಿದ್ದರೆ ವಾಪಸು ಬಂದು ನಿಮ್ಮ ತೂತು ಮುಚ್ಚಿಸಿ.